ಸುಂಕದ ಕೋರ್ಟಿನ ಕುರ್ಚಿ ಕಂಡದ್ದು

ನಾನು ಒಂದು ಕುರ್ಚಿ. ಜಾತಿಯಲ್ಲಿ ದಾಂಡೇಲಿಯ ತೇಗ, ಮೈ ತಳೆದದ್ದು ಮಂಗಳೂರಿನ ಒಬ್ಬ ಆಚಾರಿಯ ಕೈಯಲ್ಲಿ. ಕೇಂದ್ರ ಸರ್ಕಾರದ ಸುಂಕ ನ್ಯಾಯಮಂಡಳಿಗೆ ಕಾಲಿಟ್ಟ ದಿನವೇ ನನಗೆ ಬಡ್ತಿ ಸಿಕ್ಕಿತು: ಕುರ್ಚಿ ಹೋಗಿ ಪೀಠವಾದೆ. ವಕೀಲರೆಲ್ಲ ಬಗ್ಗಿ ನಮಸ್ಕರಿಸುತ್ತಿದ್ದರು. ನನಗೇ ಎಂದು ಬಹಳ ಕಾಲ ನಂಬಿದ್ದೆ.

ನನ್ನ ಮೇಲೆ ಮೊದಲು ಕುಳಿತವರು ವಿಲಾಸಿನಿ ಬಂಗೇರ. ಅದೇ ಕೋರ್ಟಿನಲ್ಲಿ ವಕೀಲೆಯಾಗಿದ್ದವರು. ಆಗೆಲ್ಲ ಮಧ್ಯಾಹ್ನ ಅವರೂ ಕಿರಿಯ ವಕೀಲ ಡೆನ್ಜಿಲ್ ಕುವೆಲ್ಲೊ ಅವರೂ ಎದುರಿನ ಹೋಟೆಲಿನಲ್ಲಿ ಕೂತು ಬಂಗುಡೆ ಮೀನಿನ ಮುಳ್ಳನ್ನೂ ಕಕ್ಷಿದಾರರ ತಂಟೆಯನ್ನೂ ಒಟ್ಟಿಗೇ ಬಿಡಿಸುತ್ತಿದ್ದರಂತೆ. ನ್ಯಾಯಾಧೀಶೆಯಾದ ದಿನ ಅದು ನಿಂತಿತು. ಪೀಠದಲ್ಲಿ ಕೂತವರು ವಕೀಲರ ಪಂಕ್ತಿಯಲ್ಲಿ ಕೂರುವಂತಿಲ್ಲ. ಇದು ಕಾನೂನಲ್ಲ, ಕಾನೂನಿಗಿಂತ ಗಟ್ಟಿಯಾದ ರೂಢಿ.

"ನಾನು ರಿಟೈರ್ ಆಗ್ಲಿ ಮಾರಾಯ, ಮೊದಲ ಬಂಗುಡೆ ನಿನ್ನೊಟ್ಟಿಗೆ," ಎಂದು ಪ್ರಮಾಣವಚನದ ದಿನ ಡೆನ್ಜಿಲರಿಗೆ ಮಾತು ಕೊಟ್ಟರು.

ಬೆನ್ನುನೋವಿನ ವಿಲಾಸಿನಿಯವರಿಗೆ ಬೇರೆ ಕುರ್ಚಿ ಒಗ್ಗದು. ಊಟಕ್ಕೂ ಗಾಲಿಯ ಕಾಲಿನ ನನ್ನನ್ನೇ ಚೇಂಬರಿಗೆ ಉರುಳಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಒಂದು ಬುತ್ತಿ, ಒಂದು ಗಡಿಯಾರ, ನಾವಿಬ್ಬರು. ನನಗೆ ಕೈಗಳಿವೆ, ತಬ್ಬಲು ಬಾರದು. ಬೆನ್ನು ಕೊಡುವುದೊಂದೇ ಗೊತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅನ್ನುತ್ತಾರೆ. ಸುಂಕದ ನ್ಯಾಯಾಧೀಶೆ ತನ್ನದನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ಡೆನ್ಜಿಲ್ ವಾದಕ್ಕೆ ನಿಂತ ದಿನ ಮಾತ್ರ ಅವರ ಬೆನ್ನು ಹಗುರಾಗುತ್ತಿತ್ತು. ಒಮ್ಮೆ ಬಾತುಕೋಳಿ ಆಕಾರದ ಸೋಪು ಬಂದರಿಗೆ ಬಂತು. ಸೋಪೆಂದರೆ ಒಂದು ಸುಂಕ, ಆಟಿಕೆಯೆಂದರೆ ಇನ್ನೊಂದು.

"ಮೇಡಂ, ಮಗುವಿನ ಕೈಲಿದ್ರೆ ಆಟಿಕೆ, ತಾಯಿ ಕೈಲಿದ್ರೆ ಸೋಪು."

"ಸುಂಕದವರ ಕೈಲಿದ್ರೆ?"

"ಬಂಗಾರ, ಮೇಡಂ!"

ವಿಲಾಸಿನಿಯವರ ಮುಖ ಗಂಭೀರವಾಗಿಯೇ ಇತ್ತು. ನಗುವಿಗೆ ಹೊಟ್ಟೆ ಕುಲುಕಿದ್ದು ನನಗಷ್ಟೇ ಗೊತ್ತು. ಬೇಕಿಲ್ಲದ ಪ್ರಶ್ನೆಗಳನ್ನೂ ಕೇಳಿ ವಾದವನ್ನು ಸಂಜೆಯವರೆಗೆ ಎಳೆದರು. ಆಮೇಲೆ, ನೀರಿಗೆ ಬಿದ್ದರೆ ಕರಗುವುದು ಸೋಪೇ ಎಂದು ಡೆನ್ಜಿಲರ ವಿರುದ್ಧವೇ ತೀರ್ಪು ಕೊಟ್ಟರು.

ಕೊನೆಗೂ ನಿವೃತ್ತಿಯ ದಿನ ಬಂತು. ಹಾರ ತುರಾಯಿ ಮುಗಿದ ಮೇಲೆ ಡೆನ್ಜಿಲ್ ಚೇಂಬರಿಗೆ ಬಂದರು.

"ಇವತ್ತು ಮೇಡಂ ಗೀಡಂ ಎಲ್ಲ ಬೇಡ. ನಡಿ, ಹಸಿವಾಗ್ತದೆ," ಎಂದರು ವಿಲಾಸಿನಿ.

ಡೆನ್ಜಿಲ್ ಕದಲಲಿಲ್ಲ. "ಅಕ್ಕಾ, ಆರ್ಡರ್ ಬಂತು. ನಿಮ್ಮ ಜಾಗಕ್ಕೆ ನಾನೇ."

"ಅರ್ಜಿ ಹಾಕಿದ್ದು ಹೇಳ್ಲೇ ಇಲ್ವಲ್ಲಾ ನೀನು?"

"ಜಡ್ಜ್ ಹತ್ರ ಹೇಗೆ ಹೇಳುದು? ಶಿಫಾರಸು ಕೇಳಿದ ಹಾಗೆ ಆಗ್ತದಲ್ವಾ?"

ವಿಲಾಸಿನಿ ತಲೆಯಾಡಿಸಿದರು. "ಸರಿಯೇ. ನಾನಾದ್ರೂ ಹೇಳ್ತಿರ್ಲಿಲ್ಲ."

"ನನ್ನ ಪ್ರಮಾಣವಚನ ನಾಳೆ ಅಲ್ವಾ? ಇವತ್ತೊಂದು ದಿನ ಬನ್ನಿ."

"ಬೇಡ ಮಾರಾಯ. ನನ್ನ ತೀರ್ಪುಗಳು ಮೇಲಿನ ಕೋರ್ಟಿಂದ ಮರುವಿಚಾರಣೆಗೆ ವಾಪಸ್ ಬಂದ್ರೆ ನಿನ್ನ ಎದುರೇ ಬರುದು. ಒಟ್ಟಿಗೆ ಮೀನು ತಿಂದವ್ರು ಅಂತ ನಾಳೆ ಜನ ಆಡಿಕೊಳ್ತಾರೆ." ಎದ್ದು ನನ್ನ ತೋಳು ತಟ್ಟಿದರು. "ಇದರ ಎಡಗೈ ಅಲ್ಲಾಡ್ತದೆ, ನೋಡ್ಕೊ."

ಮರುದಿನದಿಂದ ನನ್ನ ಮೇಲೆ ಡೆನ್ಜಿಲ್. ಹೊಸ ಬುತ್ತಿ, ಅದೇ ಮೌನ. ಅವರೂ ಹೋದರು, ಮತ್ತಿಬ್ಬರು ಬಂದು ಹೋದರು. ಆಮೇಲೆ ನನ್ನ ಕೈ ಪೂರ್ತಿ ಕಳಚಿತು.

ಈಗ ಉಗ್ರಾಣದಲ್ಲಿದ್ದೇನೆ. ಎತ್ತರದಲ್ಲಿ ಕೂರಿಸುವುದೂ ದೂರ ಇಡುವುದೂ ಒಂದೇ ಎಂದು ಇಲ್ಲಿ ಬಂದ ಮೇಲೆ ಹೊಳೆಯಿತು. ಜಾಗ ಸಾಲದೆ ವಕೀಲರ ಹಳೆಯ ಕುರ್ಚಿಯೊಂದನ್ನು ನನ್ನ ಮೇಲೆ ಕವುಚಿ ಹಾಕಿದ್ದಾರೆ. ಮೈಗೆ ಮೈ ತಾಗುವಷ್ಟು ಹತ್ತಿರ. ಒಂದು ದಿನ ತಡೆಯಲಾರದೆ ನಾನೇ ಮಾತಾಡಿಸಿದೆ.

ಅದು ನಡುಗುತ್ತಾ, "ಮಹಾಸ್ವಾಮಿ," ಎಂದಿತು.