ಏಕನಾಥ ಸರ್ ಕಳಿಸಿದ ಪತ್ರ

ಕಾಲೇಜಿನ ಕಂಪ್ಯೂಟರ್ ವಿಭಾಗದ ಪೂರ್ವಾ ಸೋಮವಾರ ಒಂದು ನಿಯಮ ಜಾರಿ ಮಾಡಿ ಎಲ್ಲರಿಂದ ಭೇಷ್ ಎನಿಸಿಕೊಂಡಿದ್ದಳು. ಪ್ರಾಧ್ಯಾಪಕರ ವಿಳಾಸ ಹಾಕಿಕೊಂಡು ಯಾರೋ ಕಳ್ಳರು ಊರಿಗೆಲ್ಲ ಕಸದ ಮೇಲ್ ಹಂಚುತ್ತಿದ್ದರು. ಇನ್ನು ಮುಂದೆ ಕಾಲೇಜಿನ ಸರ್ವರ್‌ನಿಂದ ಹೊರಟದ್ದಷ್ಟೇ ಅಸಲಿ, ಬೇರೆಲ್ಲಿಂದಲಾದರೂ ನಮ್ಮ ವಿಳಾಸ ಹೊತ್ತು ಬಂದರೆ ಮುಲಾಜಿಲ್ಲದೆ ತಿರಸ್ಕರಿಸಿ ಎಂದು ಜಗತ್ತಿಗೇ ಸಾರಿದ್ದಳು.

ಗುರುವಾರ ಸಂಜೆ ನಾಲ್ಕೂವರೆ ದಾಟಿತ್ತು. ಮಗಳು ನೀಲಿಮಾಳ ಫೋನ್ ಬಂತು.

"ಅಮ್ಮಾ, ಏಕನಾಥ ಸರ್ ಶಿಫಾರಸು ಪತ್ರ ಬಂದೇ ಇಲ್ಲಂತ! ಐದಕ್ಕ ಅರ್ಜಿ ಬಂದ್ ಮಾಡ್ತಾರ. ಹೋತು ನನ್ನ ಸ್ಕಾಲರ್‌ಶಿಪ್."

ಎಲ್ಲಿ ತಪ್ಪಾಯಿತೆಂದು ಪೂರ್ವಾಳಿಗೆ ಹೊಳೆಯಿತು. ಕಾಲೇಜಿನ ಹಿರಿಯ ಪ್ರಾಧ್ಯಾಪಕರಾದ ಸರ್‌ಗೆ ಕಣ್ಣು ಮಂಜು. ಸದಾಶಿವ ಪೇಠದ ಮನೆಯಲ್ಲಿ ಅವರು ಹೇಳುವುದು, ಹೆಂಡತಿ ರಂಗೂಬಾಯಿ ಟೈಪ್ ಮಾಡಿ, ಕಾಲೇಜಿನ ವಿಳಾಸ ಹಾಕಿ, ಮನೆಯ ಇಂಟರ್ನೆಟ್ ಕಂಪನಿಯ ಸರ್ವರ್‌ನಿಂದ ಕಳಿಸುವುದು. ಐದು ವರ್ಷದ ಹಿಂದೆ ಆ ಏರ್ಪಾಟು ಮಾಡಿಕೊಟ್ಟವಳೂ ಇದೇ ಜಾಣೆ. ನಿಯಮ ಬರೆಯುವಾಗ ಅದನ್ನೇ ಮರೆತಿದ್ದಳು!

ಈಗ ನಿಯಮ ಸಡಿಲಿಸಿದರೂ ಅದು ಎಲ್ಲ ಕಡೆ ತಲುಪಲು ಗಂಟೆಗಟ್ಟಲೆ ಬೇಕು. ಸರ್ ಹೃದಯಾಘಾತವಾಗಿ ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿದ್ದರು. ಅವರ ಕಾಲೇಜು ಖಾತೆಯ ಪಾಸ್‌ವರ್ಡ್ ಕೇಳೋಣವೆಂದರೆ ರಂಗೂಬಾಯಿ ಫೋನ್ ಎತ್ತಲಿಲ್ಲ. ಪೂರ್ವಾ ಮತ್ತೆ ಮಾಡಿದಳು, ಮತ್ತೂ ಮಾಡಿದಳು. ಇಂಥ ಹೊತ್ತಿನಲ್ಲಿ ಆ ಹೆಂಗಸನ್ನು ಕಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಕೈ ನಿಲ್ಲಲಿಲ್ಲ.

ಕೊನೆಗೆ, ಮಾಡಲೇಬಾರದು ಎಂದು ತಾನೇ ಊರಿಗೆಲ್ಲ ಬೋಧಿಸುವ ಕೆಲಸ ಮಾಡಿದಳು. ಸರ್ ಪಾಸ್‌ವರ್ಡ್ ಬದಲಿಸಿ ಅವರ ಖಾತೆಯೊಳಗೆ ನುಗ್ಗಿದಳು. ತಿರಸ್ಕೃತವಾಗಿ ಮರಳಿದ ಪತ್ರ ಅಲ್ಲೇ ಬಿದ್ದಿತ್ತು. 'ಈ ಹುಡುಗಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಾಳೆ' ಎಂದು ಸರ್ ಬರೆಸಿದ್ದರು. ಒಂದಕ್ಷರ ಮುಟ್ಟದೆ, ಕಾಲೇಜಿನ ಸರ್ವರ್‌ನಿಂದಲೇ, ಅವರ ಹೆಸರಿನಲ್ಲೇ ಕಳಿಸಿದಳು. ಆಗ ಗಂಟೆ ನಾಲ್ಕು ಐವತ್ತೆರಡು. ಸ್ಕಾಲರ್‌ಶಿಪ್ ಕಚೇರಿಯಿಂದ ಕೂಡಲೇ ಉತ್ತರ ಬಂತು: ಪತ್ರ ತಲುಪಿದೆ, ಕಳಿಸಿದವರ ವಿಳಾಸ ಅಸಲಿ.

ಐದೂ ಹತ್ತಕ್ಕೆ ರಂಗೂಬಾಯಿಯೇ ಫೋನ್ ಮಾಡಿದರು.

"ಪೂರ್ವಾ, ನಮ್ಮನ್ನ ಬಿಟ್ಟು ಹೋದ್ರವ್ವಾ. ನಾಕೂವರಿಗೇ ಹೋದ್ರು."

ಪೂರ್ವಾ ಕುರ್ಚಿಯ ತೋಳು ಹಿಡಿದು ಕುಳಿತಳು. ಪರದೆಯ ಮೇಲೆ ಪತ್ರ ಹೊರಟ ವೇಳೆ ನೋಡುವ ಧೈರ್ಯವಾಗಲಿಲ್ಲ.

"ಮುಂಜಾನೆ ಎಚ್ಚರಿದ್ದಾಗ ಒಂದೇ ಸಮ ಕೇಳ್ತಿದ್ರು, ನೀಲಿಮಾನ ಪತ್ರ ಮುಟ್ಟಿತೇನು ಅಂತ. ಮುಟ್ಟಿತೇನವ್ವಾ?"

ಪೂರ್ವಾ ಕಣ್ಣೊರೆಸಿಕೊಂಡಳು.

"ಮುಟ್ಟೇದ್ರಿ ಕಾಕೂ," ಎಂದಳು. "ಸರ್ರೇ ಕಳಿಸ್ಯಾರ್ರಿ."