ಇಲ್ಲವೆಂದ ದೋಣಿ

ಮಂಗಳವಾರ ಬೆಳಿಗ್ಗೆ ಸಂಘದ ಫೋನಿನಲ್ಲಿ ಸುಳ್ಳು ಹೇಳಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವ ತ್ರಾಣ ನನಗಿಲ್ಲ.

ನಮ್ಮ ಮೀನುಗಾರರ ಸಂಘದಲ್ಲಿ ಫೋನಿನ ಮುಂದೆ ಕೂರುವವನು ನಾನು. ಗುರುತಿಲ್ಲದ ದನಿ ದೋಣಿಯ ಹೆಸರೆತ್ತಿದರೆ ಇಲ್ಲ ಎನ್ನಬೇಕು. ಇದು ಈ ತೀರದವರೆಲ್ಲ ಸೇರಿ ಮಾಡಿಕೊಂಡ ಕಟ್ಟಳೆ. ಹಾಗೆ ಕೇಳುವವರು ಹಫ್ತಾ ವಸೂಲಿಯವರು. ದೋಣಿ ಗೊತ್ತಾದರೆ ಮಾಲೀಕ ಗೊತ್ತಾಗುತ್ತಾನೆ, ಆಮೇಲೆ ಮೋಟಾರು ಹೋಗುತ್ತದೆ, ಇಲ್ಲವೇ ಜೀವ. ಕಳೆದ ವರ್ಷ ಇಬ್ಬರನ್ನು ಹೂತೆವು.

ಅಂದು ಕೇಳಿದ್ದು ನನ್ನದೇ ದೋಣಿಯ ಹೆಸರು. ಮಗ ಯಾಂದ್ರಿ ಅದರಲ್ಲಿ ಮೀನಿಗೆ ಹೋಗಿ ಐದು ದಿನವಾಗಿತ್ತು.

"ದಾಯನಾ ಅಂತ ದೋಣಿ ಇದ್ಯಾ ನಿಮ್ಮಲ್ಲಿ?"

"ಅಂಥದ್ದು ಇಲ್ಲಪ್ಪ."

"ಸರಿಯಾಗಿ ನೋಡಿ ಹೇಳಿ. ನಾನು ಬಂದರು ಕಚೇರಿಯಿಂದ ಮಾತಾಡ್ತಿರೋದು."

"ಎಲ್ಲಾ ಕಳ್ರೂ ಅಲ್ಲಿಂದಾನೇ ಮಾತಾಡೋದು. ಇಲ್ಲ ಅಂದ್ರೆ ಇಲ್ಲ, ಇಡೋ ಫೋನು!"

ಇಟ್ಟ. ಭಾರಿ ಜಾಣನೆಂದು ಬೀಗಿ ಇನ್ನೊಂದು ಲೋಟ ಕಾಫಿ ಕುಡಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಗುರುವಾರ, ಮಗನ ಜೊತೆಗೇ ಇನ್ನೊಂದು ದೋಣಿಯಲ್ಲಿ ಹೊರಟಿದ್ದ ಚಬೇಲೋ ಒಬ್ಬನೇ ಮರಳಿದ. ಬಂದವನೇ ಮರಳಿನ ಮೇಲೆ ಕುಕ್ಕರಿಸಿದ.

"ಗ್ರಿಂಗೊಗಳ, ಆ ಅಮೆರಿಕದವರ ಕಾವಲು ಹಡಗು ಯಾಂದ್ರಿನ ಹಿಡೀತು ದೊಡ್ಡಪ್ಪ. ಪೆಟ್ರೋಲ್ ಡಬ್ಬ ಜಾಸ್ತಿ ಇತ್ತಲ್ಲ, ಕೊಕೇನ್ ದೋಣಿಗಳಿಗೆ ಕೊಡಕ್ಕೆ ಹೋಗ್ತಿದಾನೆ ಅಂದ್ಕೊಂಡ್ರು. ಅವನನ್ನ ಮೇಲಕ್ಕೆ ಎಳ್ಕೊಂಡು ದೋಣಿಗೆ ಬೆಂಕಿ ಇಟ್ರು."

ಡೊರಾಡೊ ಮೀನು ದಡ ಬಿಟ್ಟು ಇನ್ನೂರು ಮೈಲಿ ಆಚೆಗೆ ಸರಿದಿದೆ. ಪೆಟ್ರೋಲು ಹೊತ್ತೊಯ್ಯದೆ ಮೋಟಾರಿಗೆ ಏನು ಕುಡಿಸಬೇಕು?

ಸೊಸೆ ಮರ್ಯೂರಿಯನ್ನೂ ಮಗುವನ್ನೂ ಕರೆದುಕೊಂಡು ಬಂದರು ಕಚೇರಿಗೆ ಓಡಿದೆ. ಅಲ್ಲಿದ್ದ ಸಾರ್ಜೆಂಟ್ ಬೆರ್ಮೆಯೊ ಒಳ್ಳೆಯವನೇ, ಕೂರಿಸಿ ಮಾತಾಡಿದ.

"ಎರಡೂ ದೇಶಕ್ಕೆ ಒಪ್ಪಂದ ಇದೆ ಯಜಮಾನ್ರೇ. ಹಿಡಿದ ತಕ್ಷಣ ಈ ದೋಣಿ ನಿಮ್ಮದಾ ಅಂತ ನಮ್ಮನ್ನ ಕೇಳ್ತಾರೆ. ಹೌದು ಅಂದಿದ್ರೆ ಹುಡುಗನ್ನ ವಾಪಸ್ ಕೇಳ್ಬೋದಿತ್ತು. ನಮ್ಮ ಪಟ್ಟಿಯಲ್ಲಿ ಆ ಹೆಸರೇ ಇರ್ಲಿಲ್ಲ."

ಹೇಗಿದ್ದೀತು? ಸಂತ ಪೇದ್ರೋನ ಹಬ್ಬಕ್ಕೆ ದೋಣಿಗೆ ಹೊಸ ಬಣ್ಣ ಬಳಿದು, ಹಳೆಯ ಹೆಸರಿನ ಜಾಗದಲ್ಲಿ ಮೊಮ್ಮಗಳ ಹೆಸರು ಬರೆಸಿದ್ದೆ. ಎಲ್ಲರೂ ಬರೆಸುತ್ತಾರೆ. ಅದನ್ನು ಕಚೇರಿಗೆ ತಿಳಿಸುವವರು ಯಾರು?

"ಆದ್ರೂ ನಿಮ್ಮ ಸಂಘಕ್ಕೆ ಫೋನ್ ಮಾಡಿ ಕೇಳ್ದೆ. ಯಾವನೋ ಇಲ್ಲ ಅಂತ ಬೈದು ಇಟ್ಟ. ಯಾರೂ ನಮ್ಮದು ಅನ್ನದ ದೋಣಿ ಹಿಡಿದವರ ಪಾಲು."

"ಯಾವನವನು?" ಮರ್ಯೂರಿ ಎದ್ದು ನಿಂತಳು. "ಅವನ ನಾಲಿಗೆ ಬಿದ್ದುಹೋಗ! ಮಾವ, ಅವತ್ತು ನೀವು ಎದ್ದು ಹೋದಾಗ ಫೋನ್ ಹತ್ರ ಯಾರನ್ನ ಕೂರ್ಸಿದ್ರಿ?"

ಪಾಪದವಳು. ನನ್ನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಮಗು ನನ್ನ ತೊಡೆಯ ಮೇಲೆ ಕೂತು ಅಂಗಿಯ ಗುಂಡಿ ಎಳೆಯುತ್ತಿತ್ತು.

"ಅವನು ಸಿಕ್ಕಿದ್ರೆ ಒಳ್ಳೇದಿತ್ತು," ಅಂದ ಬೆರ್ಮೆಯೊ. "ಹೆದರಿ ಸುಳ್ಳು ಹೇಳಿದೆ ಅಂತ ಬರೆದು ಸಹಿ ಹಾಕ್ಬೇಕು. ಇಲ್ದಿದ್ರೆ ಈಗ ಕಥೆ ಕಟ್ತಿದೀವಿ ಅಂತಾರೆ. ಸಂಜೆಗೆ ಹಡಗು ಅವರ ಬಂದರು ಮುಟ್ಟತ್ತೆ, ಅಷ್ಟರೊಳಗೆ ಕಳಿಸ್ಬೇಕು."

ಯಾರದೋ ಹೆಸರು ಹೇಳಿಬಿಡಲೇ ಎಂದು ಮನಸ್ಸು ಹೊಯ್ದಾಡಿದ್ದು ನಿಜ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಒಂದು ಹೆಸರು ತುದಿನಾಲಿಗೆಗೂ ಬಂದಿತ್ತು. ಆದರೆ ಸಹಿ ಹಾಕಲು ಅವನು ಎಲ್ಲಿಂದ ಬರಬೇಕು?

"ಕಾಗದ ಕೊಡಿ ಸಾರ್," ಅಂದೆ. "ನಾನೇ ಹೇಳಿದ್ದು."

ಎದ್ದು ನಿಂತಿದ್ದ ಮರ್ಯೂರಿ ಮತ್ತೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಹೆದರಿ ಸುಳ್ಳು ಹೇಳಿದೆ ಎಂದು ಬರೆದು ಸಹಿ ಹಾಕಿದೆ. ಬೆರ್ಮೆಯೊ ಅದನ್ನು ಕಳಿಸಿ, ಕಾಯಿರಿ ಅಂದ.

ಐದು ಗಂಟೆಗೆ ಉತ್ತರ ಬಂತು. ಹಡಗು ಮಧ್ಯಾಹ್ನವೇ ಮುಟ್ಟಿದೆ, ಹುಡುಗ ಅಲ್ಲಿನ ಜೈಲಿನಲ್ಲಿದ್ದಾನೆ, ಹೇಳುವುದಿದ್ದರೆ ಅಲ್ಲಿನ ನ್ಯಾಯಾಲಯದಲ್ಲಿ ಹೇಳಿ. ವಿಚಾರಣೆ ಯಾವಾಗ ಎಂಬುದು ಬೆರ್ಮೆಯೊಗೂ ಗೊತ್ತಿರಲಿಲ್ಲ. ವಾರಕ್ಕೊಂದು ಸಲ ಕೈದಿಗಳಿಗೆ ಫೋನ್ ಮಾಡಲು ಬಿಡುತ್ತಾರೆ ಎಂದಷ್ಟೇ ಹೇಳಿದ.

ಮರ್ಯೂರಿ ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡಳು. ಅದು ಅತ್ತು ನನ್ನ ಕಡೆಗೇ ಬಾಗಿತು.

"ನಿಮ್ಮ ಮಗ ಫೋನ್ ಮಾಡಿದ್ರೆ ನೀವು ಎತ್ಬೇಡಿ ಮಾವ," ಅಂದಳು.

ಆಗಲಿ ಅಂದೆ.