ಹೊಗೆಯಲ್ಲಿ ಬಂದ ಹೆಸರು

“ಬೊಗಳ, ರಂಡಿ! ಯಾರ ಕಳಿಸ್ಯಾರ ನಿನ್ನ? ಹೆಸರ ಹೇಳ!”

ಗಂಗಯ್ಯ ಪೂಜಾರಿಯ ಬೇವಿನ ಬರಲಿನ ಏಟು ದೇವಕ್ಕನ ಮೈಮೇಲೆ ಬಿದ್ದಾಗಲೆಲ್ಲ, ದ್ಯಾಮವ್ವನ ಗುಡಿಯ ಹೊರಗೆ ನಿಂತಿದ್ದ ಬಾಯವ್ವನ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಅವಳ ಒಂದು ಕೈಯಲ್ಲಿ ತಣ್ಣೀರಿನ ತಂಬಿಗೆ, ಇನ್ನೊಂದರಲ್ಲಿ ಎಲೆಯಲ್ಲಿ ಸುತ್ತಿದ ಬೆಣ್ಣೆ. ಕೆಂಡಕ್ಕೆ ಸುರಿದ ಒಣಮೆಣಸಿನಕಾಯಿಯ ಹೊಗೆ ಕಣ್ಣಿಗೆ ಹೊಕ್ಕರೆ ರೆಪ್ಪೆ ಬಿಡಲು ಬರುವುದಿಲ್ಲ. ಹುಡುಗಿ ಹೊರಗೆ ಬಂದ ಕೂಡಲೇ ನೀರು ಚಿಮುಕಿಸಬೇಕು, ಆಮೇಲೆ ಬೆಣ್ಣೆ ಹಚ್ಚಬೇಕು ಎಂದುಕೊಂಡು ಅವಳು ಬಿಸಿಲಲ್ಲೇ ಕಾಯುತ್ತಿದ್ದಳು.

ದೇವಕ್ಕನಿಗೆ ದೆವ್ವ ಹಿಡಿದಿದೆ ಎಂದು ಊರೆಲ್ಲ ಹೇಳುತ್ತಿತ್ತು. ರಾಮಲಿಂಗಪ್ಪ ಗೌಡನ ಕೊಟ್ಟಿಗೆಗೆ ಸಗಣಿ ಬಳಿಯಲು ಹೋದರೆ ಸಾಕು, ಹಲ್ಲು ಕಚ್ಚಿಕೊಂಡು ಬಿದ್ದುಬಿಡುತ್ತಿದ್ದಳು. ಯಾಕೆಂದು ಬಲ್ಲವಳು ಸೂಲಗಿತ್ತಿ ಬಾಯವ್ವ ಒಬ್ಬಳೇ. ಸುಗ್ಗಿ ಮುಗಿದ ಹೊಸತರಲ್ಲಿ ಒಂದು ದಿನ ದೇವಕ್ಕ ಅವಳ ಮಡಿಲಲ್ಲಿ ಮುಖ ಹುದುಗಿಸಿ, “ಅತ್ತೀ, ಹೊಟ್ಟು ತುಂಬೂ ಖೋಲ್ಯಾಗ ಗೌಡ ಬಾಗಲಾ ಹಾಕಿದಾ…” ಎಂದಿದ್ದಳು. ಮುಂದಿನದು ಬಾಯಿಗೆ ಬರಲಿಲ್ಲ. ಬಾಯವ್ವನೂ ಕೇಳಲಿಲ್ಲ. ಬಿಸಿನೀರು ಎರೆದು, ತಲೆಗೆ ಎಣ್ಣೆ ಒತ್ತಿ, ತನ್ನ ಕೌದಿಯಲ್ಲೇ ಮಲಗಿಸಿಕೊಂಡಳು. “ಇನ್ನ ಆ ಮನಿ ಹೊಸ್ತಿಲಾ ತುಳೀಬ್ಯಾಡ ಮಗಳ” ಎಂದಳು. ಆ ಮಾತು ಹೇಗೋ ಗೌಡನ ಕಿವಿಗೆ ಬಿದ್ದಿತ್ತು.

ಗೌಡ ಈಗ ಗುಡಿಯ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಅಗಿಯುತ್ತಿದ್ದ.

ಗಂಗಯ್ಯ ದೇವಕ್ಕನ ತುರುಬು ಹಿಡಿದು ಮುಖವನ್ನು ಮತ್ತೆ ಹೊಗೆಗೆ ಒತ್ತಿದ.

“ಹೇಳತೇನ್ರಿ… ಬಿಡ್ರೀ ಯಪ್ಪಾ… ಹೇಳತೇನ್ರಿ!”

“ಯಾರು?”

“ಬಾಯತ್ತಿ. ಸೂಲಗಿತ್ತಿ ಬಾಯತ್ತಿ.”

ತಂಬಿಗೆ ಬಾಯವ್ವನ ಕೈಯಿಂದ ಜಾರಲಿಲ್ಲ. ಅವಳು ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ದೇವಕ್ಕನ ಗಂಡ ಮಾಳಪ್ಪ ಬಂದು ಕಸಿದು ಎಸೆದ ಮೇಲೆಯೇ ನೀರು ಚೆಲ್ಲಿದ್ದು.

“ಮಾಳ್ಯಾ, ನನ್ನ ಕೈಯಾಗ ಹುಟ್ಟಿದಾಂವಲೋ ನೀ!”

“ಅದಕ್ಕs ಹಿಂಗಾಗೇನಿ, ನಡಿ” ಎಂದು ಅವನು ರಟ್ಟೆ ಹಿಡಿದು ಎಳೆದ. ಯಾರೋ ಕಿಸಕ್ಕೆಂದು ನಕ್ಕರು.

ಕೆಂಡದ ಮುಂದೆ ದೇವಕ್ಕ ಎದ್ದುಹೋದ ಮಣೆಯ ಮೇಲೆಯೇ ಬಾಯವ್ವನನ್ನು ಕೂರಿಸಿದರು. ಅದು ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲೇ ತಡವರಿಸುತ್ತ ಹೊರಟವಳ ಕಡೆಗೆ ಬಾಯವ್ವ ಎಲೆ ಚಾಚಿದಳು. “ಬೆಣ್ಣಿ ಹಚ್ಕೋ… ಉರಿ ತಗ್ಗತೈತಿ.”

ದೇವಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

“ಮಾಟದ ಬೆಣ್ಣಿ, ಮುಟ್ಟಬ್ಯಾಡ!” ಎಂದು ಗಂಗಯ್ಯ ಅದನ್ನು ಕೆಂಡಕ್ಕೆ ಒದ್ದ. “ಈ ವಿದ್ಯಾ ನಿನಗ ಕಲಿಸಿದಾಕಿ ಯಾರು? ಒಂದ ಹೆಂಗಸಿನ ಹೆಸರ ಹೇಳು, ಮನಿಗೆ ಹೋಗು. ಇಲ್ಲಂದ್ರ ಕಲ್ಲು ಐತಿ.”

ಮುಂದಿನ ಹಲ್ಲು ಮುರಿದರೆ ಮಾಟಗಾತಿಯ ಮಂತ್ರ ಹೊರಡುವುದಿಲ್ಲ ಎಂಬುದು ಅವನ ಶಾಸ್ತ್ರ. ಪ್ಲೇಗಿಗೆ ಹೆದರಿ ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿದ್ದ ವರ್ಷ ಶಟ್ಟೆವ್ವನ ಹಲ್ಲು ಮುರಿದು ಓಡಿಸಿದ್ದರು. ಅವಳು ಇಂದಿಗೂ ಯರಗಟ್ಟಿಯ ಸಂತೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇಡುತ್ತಾಳೆ.

ಹೊಗೆ ಗಂಟಲಿಗೆ ಇಳಿಯಿತು. ಉರಿಯುವ ಕಣ್ಣಲ್ಲೇ ಬಾಯವ್ವ ಸುತ್ತ ನೆರೆದ ಹೆಂಗಸರನ್ನು ನೋಡಿದಳು. ಅವಳ ಕಣ್ಣು ಹಾದುಹೋದಲ್ಲೆಲ್ಲ ಒಬ್ಬೊಬ್ಬರ ಸೆರಗು ಹಣೆಯಿಂದ ಕೆಳಗಿಳಿಯಿತು. ಎಲ್ಲರ ಬಾಣಂತನವನ್ನೂ ಮಾಡಿದವಳು ಅವಳು. ಯಾರ ಹೊಕ್ಕುಳ ಬಳ್ಳಿ ಎಲ್ಲಿ ಹೂತಿದೆ ಎಂಬುದು ಗೊತ್ತಿತ್ತು.

“ಲಗೂ ಹೇಳಬೇ, ಎಮ್ಮಿ ಹಿಂಡೂ ಹೊತ್ತಾತು” ಎಂದ ಗೌಡ ಕಟ್ಟೆಯಿಂದ.

“ಹೆಂಗಸಿನ ಹೆಸರು ನನ್ನ ಬಾಯಾಗ ಇಲ್ರಿ ಅಯ್ಯಾರ. ಗಂಡಸಿಂದ ಐತಿ.”

“ಯಾರದ?”

“ರಾಮಲಿಂಗಪ್ಪಂದು. ಇಕಿಗೆ ಹಿಡದ ದೆವ್ವ ಅದs. ಹೊಟ್ಟಿನ ಖೋಲ್ಯಾಗ ಹಿಡದೈತಿ.”

ಗೌಡನ ದವಡೆ ನಿಂತಿತು. ಗಂಗಯ್ಯ ಅವನ ಮುಖ ನೋಡಿದ.

“ಹೊಗ್ಯಾಗ ಬಂದ ಹೆಸರು ದ್ಯಾಮವ್ವನ ಮಾತು ಅಂತ ನೀವs ಹೇಳೀರಿ” ಎಂದಳು ಬಾಯವ್ವ, ಕೆಮ್ಮುತ್ತ. “ಕುಂಡ್ರಸ್ರಿ ಅವನ್ನ ಈ ಮಣಿ ಮ್ಯಾಲೆ.”

ಮಾಳಪ್ಪ ಹೆಂಡತಿಯ ಕಡೆಗೆ ತಿರುಗಿದ. ಎಲ್ಲರೂ ತಿರುಗಿದರು.

“ಹೇಳವ್ವಾ. ನನ್ನ ಸಲುವಾಗಿ ಬ್ಯಾಡ, ನಿನ್ನ ಸಲುವಾಗಿ ಹೇಳು” ಎಂದಳು ಬಾಯವ್ವ.

ದೇವಕ್ಕನ ಬಾಯಿ ತೆರೆಯಿತು. ಅಷ್ಟರಲ್ಲಿ ಗೌಡ ಉಗುಳಿ, ಮೆಲ್ಲಗೆ ಕೇಳಿದ: “ಮಾಳ್ಯಾ, ಮುಂದಿನ ವರ್ಷ ನನ್ನ ಹೊಲಾ ಯಾರ ಮಾಡಬೇಕಂತೀಲೇ?”

ಮಾಳಪ್ಪನ ಕೈ ಹೆಂಡತಿಯ ಮಣಿಕಟ್ಟನ್ನು ಹಿಡಿಯಿತು. ಬಳೆ ಒಡೆದ ಸಪ್ಪಳವಾಯಿತು.

“ಸುಳ್ಳ” ಎಂದಳು ದೇವಕ್ಕ. “ಅಕೀನs ಮಾಟಾ ಮಾಡ್ಯಾಳ.”

ಈ ಸಲ ಅವಳ ಮುಖದ ಮುಂದೆ ಹೊಗೆ ಇರಲಿಲ್ಲ.

ಕಲ್ಲು ಎತ್ತಿದವನು ಮಾಳಪ್ಪ.

ಮರುದಿನ ಬೆಳಗ್ಗೆ ಬಾಯವ್ವ ಕೇರಿಯ ಮೊದಲ ಬಾಗಿಲಲ್ಲಿ ನಿಂತಿದ್ದಳು. ಮುಖ ಬಾತು ಹೋಗಿತ್ತು, ಎದೆಯ ಮೇಲಿನ ಸೀರೆ ರಕ್ತ ಒಣಗಿ ರಟ್ಟಾಗಿತ್ತು. ಹೆರಿಗೆಗೆ ಕರೆದಾಗ ಬಂದು ನಿಲ್ಲುತ್ತಿದ್ದ ಹಾಗೆಯೇ ಹೊಸ್ತಿಲ ಹೊರಗೆ ನಿಂತಳು. ಅಕ್ಕಿ ಕೇಳಲಿಲ್ಲ, ನೀರು ಕೇಳಲಿಲ್ಲ. ಹೆಸರು ಹೇಳಿದಳು, ಮುಂದಿನ ಬಾಗಿಲಿಗೆ ಹೋದಳು. ದೇವಕ್ಕನ ಬಾಗಿಲಲ್ಲಿ ಮಾತ್ರ ಬಹಳ ಹೊತ್ತು ನಿಂತಳು. ಕದ ತೆರೆಯಲಿಲ್ಲ. ಒಳಗಿನಿಂದ ಕೆಮ್ಮು ಕೇಳಿಸಿತು, ಅದೂ ಆಮೇಲೆ ಸೆರಗಿನಲ್ಲಿ ಅಡಗಿತು.

ಗೌಡನ ಮನೆಯ ಮುಂದೆ ಗೌಡತಿ ರಂಗೋಲಿ ಹಾಕುತ್ತಿದ್ದಳು. ತಲೆ ಎತ್ತಿ ನೋಡಿದಳು. ಮದುವೆಯಾದಂದಿನಿಂದ ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ಬಾಯವ್ವ ಅವಳೆದುರು ನಿಂತು ಹೇಳಿದಳು.

“ರಾಮಲಿಂಗಪ್ಪ.”

ಆ ಹೆಸರು ಹೇಳಲು ಮುಂದಿನ ಹಲ್ಲು ಬೇಕಾಗಿರಲಿಲ್ಲ.